ಮೊರದ ಮೇಲೆ ನನ್ನ ಮುಖ

ಗೋಡೆಯ ಮೇಲೆ ತೀರಿಹೋದ ಗಂಡನ ಫೋಟೊ ಇದೆ. ಅದರ ಪಕ್ಕ ಮಗ ನನ್ನ ಫೋಟೊಗಾಗಿ ಇನ್ನೊಂದು ಮೊಳೆ ಹೊಡೆದಿಟ್ಟಿದ್ದಾನೆ, ನಾನು ಬದುಕಿರುವಾಗಲೇ. ಆ ಮೊಳೆಗೆ ನಾನು ಜೋತುಬೀಳುವುದಿಲ್ಲ ಎಂದು ಅವತ್ತೇ ಹೇಳಿದ್ದೆ.

ಮೊಮ್ಮಗಳು ಬಿಸಿಲಲ್ಲಿ ಫೋಟೊ ಮೂಡಿಸುವುದನ್ನು ಕಲಿತಿದ್ದಾಳೆ. ಕಾಗದಕ್ಕೋ ಬಟ್ಟೆಗೋ ಔಷಧಿ ಬಳಿದು, ನೆರಳಲ್ಲಿ ಒಣಗಿಸಿ, ಮೇಲೆ ಫೋನಿನಲ್ಲಿ ತೆಗೆದ ಮುಖದ ಫಿಲಂ ಇಟ್ಟು ಬಿಸಿಲಿಗೆ ಹಿಡಿಯುತ್ತಾಳೆ. ತೊಳೆದರೆ ನೀಲಿ ಚಿತ್ರ. ನನ್ನದನ್ನು ಜೋಳ ಕೇರುವ ಮೊರದ ಮೇಲೆ ಮಾಡು ಎಂದೆ. ಟಿಕೋಟಾ ಸಂತೆಯ ಮೊರ, ನನ್ನದೇ.

ಬಬಲೇಶ್ವರದಿಂದ ಬಂದಿದ್ದ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ, ಉರಿದುಬಿದ್ದಳು.

“ಮೊರ ಅಂದ್ರ ಲಕ್ಷ್ಮಿ, ಅಕ್ಕಾ, ಮುತ್ತೈದ್ಯಾರಿಗೆ ಬಾಗಿನ ಕೊಡೂದು. ಅದರ ಮ್ಯಾಲ ಗಂಡ ಸತ್ತಾಕಿ ಮಾರಿ?”

“ಗಂಡ ಸತ್ತ ಮ್ಯಾಲ ಈ ಮನಿ ಜೋಳ ಕೇರಿದಾಕಿ ಯಾರು? ಲಕ್ಷ್ಮಿ ಬಂದಿದ್ಲೇನ?”

ಮೊಮ್ಮಗಳು ಫೋನು ಹಿಡಿದು, “ಆಯಿ, ಸ್ವಲ್ಪ ನಗ ಬೇ,” ಅಂದಳು.

“ಯಾಕ? ಹಲ್ಲ ಮಾರಾಕ ಕುಂತೇನೇನ?”

ಮೊರದ ಸಂದಿಯಲ್ಲಿ ಔಷಧಿ ಇಳಿದುಹೋಗುತ್ತದಂತೆ. ಅದಕ್ಕೇ ಹಳೆಯ ಕಾಗದ, ಮೆಂತ್ಯ ನೆನೆಸಿ ರುಬ್ಬಿ, ಮೊರಕ್ಕೆ ಬಳಿದು, ಅಂಗೈಯಿಂದ ಒತ್ತಿದೆ. ಹುಳ ಹಿಡಿಯದಿರಲೆಂದು ರೂಢಿಯಂತೆ ಸಗಣಿ ಕುಳ್ಳಿನ ಬೂದಿಯನ್ನೂ ಬೆರೆಸಿದ್ದೆ.

ಒಣಗಿದ ಲೇಪದ ಮೇಲೆ ಮೊಮ್ಮಗಳು ಔಷಧಿ ಬಳಿದು, ಫಿಲಂ ಇಟ್ಟು ಬಿಸಿಲಿಗೆ ಹಿಡಿದಳು. ಮುಖವೇನೋ ಮೂಡಿತು. ಮರುದಿನ ನೋಡಿದರೆ ನೀಲಿ ಹೋಗಿ ಹಳದಿ ಕಲೆ.

“ನೋಡಿದ್ಯಾ? ಲಕ್ಷ್ಮಿ ಅಳಿಸಿ ಒಗದ್ಲು,” ಅಂದಳು ನೆಗೆಣ್ಣಿ.

ಮೊಮ್ಮಗಳು ಲೇಪವನ್ನು ಉಗುರಿನಿಂದ ಕೆರೆದಳು. “ಇದರಾಗ ಏನ್ ಹಾಕಿದ್ದಿ ಆಯಿ?”

ಹೇಳಿದೆ.

“ಬೂದಿ ಆ ನೀಲಿನ ತಿಂತೈತಿ.”

“ಕೇಳಿದ್ಯಾ ಬೇ? ಲಕ್ಷ್ಮಿ ಅಲ್ಲ, ಬೂದಿ!” ನೆಗೆಣ್ಣಿಗೆ ಕೂಗಿಯೇ ಹೇಳಿದೆ.

ಲೇಪ ನೆನೆಸಿ ಕಿತ್ತೆ. ಈ ಸಲ ಬರೀ ಮೆಂತ್ಯ, ಕಾಗದ. ಕಟಕಟ ಅನ್ನುವ ಹಾಗೆ ಒಣಗಿಸಿದೆವು. ಮತ್ತೆ ಔಷಧಿ, ಮತ್ತೆ ಬಿಸಿಲು. ಲೇಪ ಕರಗೀತೆಂದು ನೀರು ಸುರಿಯದೆ, ಒದ್ದೆ ಬಟ್ಟೆ ಒತ್ತಿ ಒತ್ತಿ ತೊಳೆದೆವು. ನೀಲಿ ನಿಂತಿತು. ಮೆಂತ್ಯದ ತರಿ ಯಾವುದು, ಗಲ್ಲದ ಸುಕ್ಕು ಯಾವುದು ತಿಳಿಯುವುದಿಲ್ಲ. ಚೆಲುವೆಯೇನಲ್ಲ. ನಾನೇ.

ಮಗ ಮೊರವನ್ನು ಎತ್ತಿಕೊಂಡು ಆ ಮೊಳೆಯ ಕಡೆ ನಡೆದ. ಕಸಿದುಕೊಂಡೆ, ಜೋಳ ಕೇರಲಿಕ್ಕೆ. ಔಷಧಿ ಇದೆ, ಉಣ್ಣುವ ಜೋಳ ಬೇಡ ಎಂದಳು ಮೊಮ್ಮಗಳು. ಆಗಲಿ ಎಂದು ಬಿತ್ತುವ ಜೋಳ ಸುರಿದೆ.

“ಮಾರಿ ಸವದು ಹೋಗ್ತೈತಿ ಆಯಿ!”

“ಸವೀಲಿ. ಇದೂ ಹಂಗ ಸವದೈತಿ,” ಎಂದು ನನ್ನ ಗಲ್ಲ ತೋರಿಸಿದೆ.

ಅಂಗಳದಲ್ಲಿ ಕೂತು ಕೇರಿದೆ. ಹೊಟ್ಟು ನೆಗೆಣ್ಣಿಯ ಮೇಲೆ ಹಾರಿತು. ಗಾಳಿ ಆ ಕಡೆಗಿತ್ತು, ನಾನೇನು ಮಾಡಲಿ?