ಪೇಟೆಯ ದಿನ ಕರೆದ ಕಂಪನಿ

"ಮೆಣಸಿನಕಾಯಿ ಊರಿಗೆ ಕಂಪ್ಯೂಟರ್ ಕಂಪನಿ? ಆಗೂದಲ್ಲ ಹೋಗೂದಲ್ಲ. ಸಾವಕಾರ್ರಿಗೆ ತಲಿ ಕೆಟ್ಟೈತಿ," ಎಂದವನು ನಮ್ಮ ಕಾಕಾ. ಬ್ಯಾಡಗಿ ಪೇಟೆಯಲ್ಲಿ ಅದೇ ಸಾವಕಾರರ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಸಾವಕಾರರ ಬಿಳಿ ಅಂಗಿಯ ಕಾಲರಿನ ಮಡಿಕೆಯಲ್ಲಿ ಎಷ್ಟು ಒಗೆದರೂ ಹೋಗದ, ಖಾರದ ಧೂಳಿನ ಒಂದು ಕೆಂಪು ಗೆರೆ. ಸಾವಕಾರರೆಂದರೆ ನನಗೆ ಮೊದಲು ನೆನಪಾಗುವುದು ಅದೇ.

ಕೂತಲ್ಲಿ ಕೂರುವ ಮನುಷ್ಯರಲ್ಲ. ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಮುಗಿಯುವ ಮೊದಲೇ ಎದ್ದು ಹಾವೇರಿಯ ಯಾವುದೋ ಕಚೇರಿಗೆ ಓಡುವರು. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಲ್ಯಾಪ್‌ಟಾಪ್ ಚೀಲದವರು ಕಂಡರೆ ಸಾಕು, "ನಿಮ್ಮ ಕಂಪನಿ ಯಾವುದ್ರಿ? ನಮ್ಮೂರಿಗೆ ಬರ್ರಿ, ಜಾಗಾ ನಾ ಕೊಡ್ತೇನಿ," ಎನ್ನುವರು. ಸೈಟು ಮಾರುವವರೆಂದು ತಿಳಿದು ಎಷ್ಟೋ ಮಂದಿ ರೈಲಿನ ಬೇರೆ ಡಬ್ಬಿ ಹತ್ತಿದ್ದುಂಟು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅವ್ವ ಸಾವಕಾರರ ಗೋಡೌನಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು ಬಿಸಿಎ ಓದಿಸಿದ್ದಳು. ಊರ ಹೊರಗೆ ಕೆಲಸಕ್ಕೆ ಕಳಿಸಲು ಅಪ್ಪ ಒಪ್ಪಲಿಲ್ಲ. ಊರಲ್ಲೇ ಕೆಲಸ ಸಿಗದಿದ್ದರೆ ಡಿಗ್ರಿ ಟ್ರಂಕಿನಲ್ಲಿ, ನಾನು ತೊಟ್ಟು ಮುರಿಯುವವರ ಸಾಲಿನಲ್ಲಿ. "ತಡಿಯವಾ ತಂಗಿ, ಕಂಪನಿ ಇಲ್ಲಿಗೇ ತರ್ತೇನಿ," ಎನ್ನುತ್ತಿದ್ದರು ಸಾವಕಾರರು.

ಕೊನೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿ ಬಂದು ನೋಡಲು ಒಪ್ಪಿತು. ಸಾವಕಾರರು ಕರೆದದ್ದು ಯಾವಾಗ? ಸೋಮವಾರ, ಪೇಟೆಯ ದಿನ! ಊರು ತುಂಬಿರುವುದನ್ನು ಅವರು ನೋಡಲಿ ಎಂದು. ಆಫೀಸಿಗೆಂದು ಸುಣ್ಣ ಬಳಿಸಿದ ಗೋಡೌನಿನೊಳಗೆ ಕಾಲಿಟ್ಟದ್ದೇ ತಡ, ಕಂಪನಿಯ ಮೇಡಮ್ಮಿಗೆ, ಜೊತೆಗೆ ಬಂದವರಿಗೆಲ್ಲ ಕೆಮ್ಮು, ಸೀನು. ನಮ್ಮೂರವರ ಮೂಗಿಗೆ ಆ ಘಾಟು ಗೊತ್ತೇ ಆಗುವುದಿಲ್ಲ.

"ಏನಾತ್ರಿ ಮೇಡಮ್? ಶೆಕಿ ಆತೇನು?" ಎಂದವರೇ ಸಾವಕಾರರು ಫ್ಯಾನು ಹಚ್ಚಿಬಿಟ್ಟರು. ಜಂತಿಯ ಮೇಲಿನ ಖಾರದ ಧೂಳೆಲ್ಲ ಕೆಳಗಿಳಿಯಿತು. ಕಣ್ಣೀರು ಸುರಿಸುತ್ತ ಎಲ್ಲರೂ ಕಾರು ಹತ್ತಿದರು.

ಕಾಕಾ ಊರ ತುಂಬ ಹೇಳಿಕೊಂಡು ನಕ್ಕ. ಸಾವಕಾರರು ಮರುದಿನವೇ ಬೆಂಗಳೂರಿಗೆ ಹೋದರು. ಕಾಗಿನೆಲೆ ರಸ್ತೆಯಲ್ಲಿ, ಪೇಟೆಯ ಗಾಳಿ ಮುಟ್ಟದ ಕಡೆ, ಮಗನ ಮದುವೆಗೆಂದು ಕಟ್ಟಿಸಿದ ಹೊಸ ಮನೆಯಿತ್ತು. ಅದನ್ನೇ ಕೊಡುತ್ತೇನೆಂದು ಮಾತು ಕೊಟ್ಟು ಬಂದರು.

"ಸೊಸಿ ಬಂದ್ರ ಎಲ್ಲಿರಬೇಕ್ರಿ?" ಎಂದರು ಹೆಂಡತಿ.

"ನಮ್ಮ ಜೋಡಿ ಇರ್ತಾಳ."

"ಇರೂವು ಎರಡ ಖೋಲಿ!"

"ಹಂಗಾರ ನಾ ಅಂಗಡ್ಯಾಗ ಮಲಗ್ತೇನಿ, ಬಿಡು."

ಆಕೆ ಎರಡು ದಿನ ಮಾತು ಬಿಟ್ಟರು. ಆಮೇಲೆ ತಾವೇ ಹೋಗಿ ಹೊಸ ಮನೆಯ ಬಾಗಿಲು ತೆರೆದರು.

ಮೊದಲು ಊರ ಹುಡುಗ ಹುಡುಗಿಯರಿಗೆ ತರಬೇತಿ, ಅವರು ಪಾಸಾದರಷ್ಟೇ ಇಲ್ಲಿ ಆಫೀಸು ಎಂದಿತು ಕಂಪನಿ. ಸಾವಕಾರರು ಗಳಿಗೆಗೊಮ್ಮೆ ಕಿಟಕಿಯಲ್ಲಿ ಇಣುಕಿ, "ತಿಳ್ಯಾಕತ್ತೈತೇನವಾ?" ಎಂದು ಕೇಳುವರು. ತಿಳಿಯದಿದ್ದಾಗಲೂ ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ಸುಳ್ಳಾಗಬಾರದೆಂದು ಕೂತು ಕಲಿಯುತ್ತಿದ್ದೆ. ತರಬೇತಿ ಮುಗಿಯುವ ಮೊದಲೇ ಸಾವಕಾರರಿಗೆ ಎದೆನೋವು ಬಂತು. ಹಾವೇರಿ ದವಾಖಾನೆಯಿಂದ ಅವರು ಮರಳಲಿಲ್ಲ.

ನಾವೆಲ್ಲ ಪಾಸಾದೆವು, ಕಂಪನಿ ಉಳಿಯಿತು. ಮೇಡಮ್ಮು ನಮ್ಮ ಸರ್ಟಿಫಿಕೇಟುಗಳನ್ನು ಸಾವಕಾರರ ಹೆಂಡತಿಯ ಕೈಯಿಂದಲೇ ಕೊಡಿಸಿದರು. ನನ್ನದನ್ನು ಅವ್ವನ ಮುಂದೆ ಹಿಡಿದೆ. ಅವ್ವ ಅದನ್ನು ನೋಡಲಿಲ್ಲ, ಸಾವಕಾರರ ಹೆಂಡತಿಯನ್ನೇ ನೋಡುತ್ತಿದ್ದಳು.

"ಇದನ್ನ ಮನಿಗೆ ಹೋಗಿ ನೋಡೂಣು. ಮದ್ಲ ಅಕ್ಕಾರ ಹಂತ್ಯಾಕ ಹೋಗಿ ಕುಂದ್ರು. ಎಲ್ಲಾರೂ ನಗಾಕತ್ತೇವಿ, ಅವರೊಬ್ಬರ ಸುಮ್ಮನ ಕುಂತಾರ."