ಬೆಲಾಯಿದ್ ಕಳೆದ ಒಂದು ಗಂಟೆ

ಬೆಲಾಯಿದ್ ಹಾಮಿ ಹೋದ ಗುರುವಾರ ಬೆಳಿಗ್ಗೆ ಅಲ್ಜಿಯರ್ಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಹೃದಯ ನಿಂತಿತು. ಅರವತ್ತು ವರ್ಷವಾಗಿತ್ತು.

ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತವರು. ಆಕಾಶದ ಚಿತ್ರ ಮೂಡಿದ ಗಾಜಿನ ಫಲಕಗಳನ್ನು ಅವರು ಅಳೆಯುತ್ತಿದ್ದರು. ಆ ಅಳತೆಯಿಂದ ನಾನು ಕಕ್ಷೆಯ ಲೆಕ್ಕ ಹಾಕುತ್ತಿದ್ದೆ. ನನಗಿಂತ ಹಿರಿಯರು, ಹಾಗಾಗಿ ನನಗವರು ದಾ ಬೆಲಾಯಿದ್, ಅಂದರೆ ಬೆಲಾಯಿದಣ್ಣ. ಅವರ ಮಧ್ಯಾಹ್ನದ ಬುತ್ತಿಯಲ್ಲಿ ರೊಟ್ಟಿ, ಆಲಿವ್ ಎಣ್ಣೆ, ಒಣ ಅಂಜೂರ.

"ತಿನ್ನಮ್ಮ ತಂಗಿ. ಅಂಗಡೀದು ಇದು. ನಮ್ಮೂರಿಂದಾಗಿದ್ರೆ ನಿಂಗೆ ಒಂದೂ ಕೊಡ್ತಿರಲಿಲ್ಲ," ಎಂದು ಅಂಜೂರ ನನ್ನತ್ತ ಸರಿಸುತ್ತಿದ್ದರು.

ಅವರ ಊರು ಕಬೀಲಿಯಾ ಬೆಟ್ಟದ ತಾಲಾ ತಝಾರ್ತ್. ಅವರಿಗೆ ಹದಿನಾಲ್ಕಾಗಿದ್ದಾಗ, ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಫ್ರೆಂಚ್ ಸೈನಿಕರು ಜನರನ್ನು ಕೆಳಗಿಳಿಸಿ ಊರನ್ನು ಸುಟ್ಟರು. ಮತ್ತೆ ಯಾರೂ ಕಟ್ಟಲಿಲ್ಲ. ಈಗ ಯಾವ ನಕ್ಷೆಯಲ್ಲೂ ಆ ಹೆಸರಿಲ್ಲ. ಕ್ಷುದ್ರಗ್ರಹವನ್ನು ಮೊದಲು ಕಂಡವರೇ ಅದಕ್ಕೆ ಹೆಸರು ಸೂಚಿಸಬಹುದೆಂದು ತಿಳಿದ ದಿನದಿಂದ ಅವರಿಗಿದ್ದದ್ದು ಒಂದೇ ಆಸೆ, ಒಂದಕ್ಕೆ ಊರಿನ ಹೆಸರಿಡುವುದು.

೧೯೭೯ರ ಅಕ್ಟೋಬರ್ ಕೊನೆಗೆ ಒಂದು ಸಿಕ್ಕಿತು. ಮಂಗಳ, ಗುರುಗಳ ನಡುವೆ ಸುತ್ತುವಂಥದ್ದು. ಮೂರು ಫಲಕಗಳಲ್ಲಿ ಮೂರು ಪುಟ್ಟ ಗೀರು. ಅವತ್ತು ಎಲ್ಲ ಕೋಣೆಗಳಿಗೂ ಅಂಜೂರ ಹಂಚಿದರು. ನಾನು ಕಕ್ಷೆ ಹಾಕಿದೆ, ವರದಿ ಹೋಯಿತು. ಮುಂದಿನ ವರ್ಷ ನಾವು ಹೇಳಿದ ಜಾಗದಲ್ಲಿ ಅದಿರಲಿಲ್ಲ. ಆಮೇಲೂ ಕಾಣಲಿಲ್ಲ.

"ನಿನ್ನ ಲೆಕ್ಕ ನಮ್ಮೂರನ್ನ ನುಂಗಿಬಿಡ್ತಲ್ಲೇ!"

"ಮೊದ್ಲು ನಿಮ್ಮ ಕನ್ನಡಕ ಒರೆಸ್ಕೊಳ್ಳಿ."

ವರ್ಷಗಟ್ಟಲೆ ಹೀಗೇ ಕಿತ್ತಾಡಿದೆವು.

ಈ ಚಳಿಗಾಲ ಬೇರೆ ದೇಶದ ಇಬ್ಬರು ಹವ್ಯಾಸಿಗಳು ಹೊಸದೊಂದನ್ನು ಕಂಡರು. ಅದರ ಕಕ್ಷೆಯನ್ನು ನಾನು ಹಿಂದಕ್ಕೆ ಎಣಿಸಿದೆ. ನಮ್ಮ ಮೊದಲ ಎರಡು ಗೀರುಗಳಿಗೆ ಸರಿಯಾಗಿ ಹೊಂದಿತು. ಮೂರನೆಯದಕ್ಕೆ ಒಂದು ಗಂಟೆಯ ವ್ಯತ್ಯಾಸ. ದಾಖಲೆ ಪುಸ್ತಕ ತೆಗೆದೆವು. ಆ ವಾರ ವೀಕ್ಷಣಾಲಯದ ಗಡಿಯಾರ ರಿಪೇರಿಗೆ ಹೋಗಿತ್ತು. ಬೆಲಾಯಿದ್ ಕೈಗಡಿಯಾರ ನೋಡಿ, ಗ್ರೀನಿಚ್ ವೇಳೆಗಾಗಿ ಒಂದು ಗಂಟೆ ಕಳೆದು ಬರೆದಿದ್ದರು. ಆದರೆ ಮೂರನೆಯ ಫಲಕಕ್ಕೆ ಮುಂಚೆ ಸರ್ಕಾರ ಇಡೀ ದೇಶದ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿತ್ತು. ಅದೀಗ ಗ್ರೀನಿಚ್ ವೇಳೆಯೇ; ಇನ್ನು ಕಳೆಯುವುದು ಬೇಕಿರಲಿಲ್ಲ. ರೂಢಿಯಲ್ಲಿ ಕಳೆದುಬಿಟ್ಟಿದ್ದರು.

"ವರದಿ ಟೈಪ್ ಮಾಡೋವಾಗ ಆದ ತಪ್ಪು ಅಂತ ಬರೀರಿ ದಾ ಬೆಲಾಯಿದ್," ಎಂದೆ. "ನಮ್ಮ ಅಳತೆ ಸರಿಯಿತ್ತು ಅಂದ್ರೆ ಮೊದ್ಲು ಕಂಡೋರು ನಾವೇ. ಹೆಸರೂ ನಿಮ್ದೇ."

"ಪುಸ್ತಕದಲ್ಲಿ ನನ್ನ ಕೈಬರಹ ಇದೆ."

"ಆ ಪುಸ್ತಕ ನೋಡೋರು ಯಾರು?"

"ಈಗ ನಾವಿಬ್ರು ನೋಡ್ತಾ ಇಲ್ವಾ?" ಎಂದು ನಕ್ಕರು. "ಸುಳ್ಳು ಹೇಳಿ ಊರನ್ನ ಮೇಲೆ ಹತ್ತಿಸಿದ್ರೆ, ನಮ್ಮಮ್ಮ ಗೋರಿಯಿಂದೆದ್ದು ಕಿವಿ ಹಿಂಡ್ತಾಳೆ ಅಷ್ಟೆ."

ನಾನು ಬಿಡಲಿಲ್ಲ. ಎರಡು ದಿನ ವಾದಿಸಿದೆ. ಕೊನೆಗೆ, "ಹಾಗಾದ್ರೆ ಈ ಸಲ ಊರು ಸುಡ್ತಿರೋರು ನೀವೇ," ಎಂದುಬಿಟ್ಟೆ. ಆ ಮಾತನ್ನು ಹಿಂದಕ್ಕೆ ಪಡೆಯಲು ನನಗೆ ದಿನ ಉಳಿಯಲಿಲ್ಲ.

ಅವತ್ತು ಬುಧವಾರ. ಅದೇ ದಿನ ಅವರು ಮೂರೂ ಫಲಕಗಳನ್ನು ಮತ್ತೆ ಅಳೆದರು. ಆ ಇಬ್ಬರು ಹವ್ಯಾಸಿಗಳಿಗೆ ಕಾಗದ ಬರೆದರು: ಈ ಮೂರು ಸ್ಥಾನಗಳಿಂದ ನಿಮ್ಮ ಕಕ್ಷೆ ಗಟ್ಟಿಯಾಗುತ್ತದೆ; ವೇಳೆಯನ್ನು ತಪ್ಪಾಗಿ ಬರೆದವನು ನಾನು; ಹೆಸರಿಡುವ ಹಕ್ಕು ನಿಮ್ಮದು. ಊರಿನ ವಿಷಯ ಒಂದಕ್ಷರವೂ ಬರೆಯಲಿಲ್ಲ. ಸಹಿ ಹಾಕಿ, ಲಕೋಟೆ ಅಂಟಿಸಿ, ನನ್ನ ಕೈಗೆ ಕೊಡದೆ ತಾವೇ ಅಂಚೆ ಕಚೇರಿಯವರೆಗೂ ಗುಡ್ಡ ಇಳಿದು ಹೋದರು.