ಉಪ್ಪು ಹಾಕುವ ಪಾಳಿ

ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಕರವಸ್ತ್ರ ಎಸೆದು ಜಾಗ ಹಿಡಿಯುವ ವಿದ್ಯೆ ನನಗೆ ಇನ್ನೂ ಒಲಿದಿಲ್ಲ. ನಾನು ಎಸೆದದ್ದು ಸಾಮಾನ್ಯವಾಗಿ ಬೇರೆ ಯಾರದೋ ತೊಡೆಯ ಮೇಲೆ ಬೀಳುತ್ತದೆ. ಅವರು ಅದನ್ನು ಮಡಚಿ, ಮರ್ಯಾದೆಯಾಗಿ ಅದೇ ಕಿಟಕಿಯಿಂದ ನನಗೆ ವಾಪಸು ಕೊಡುತ್ತಾರೆ. ಹಾಗಾಗಿ ಕೊಟ್ಟೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮುಗಿಸಿ ಹಗರಿಬೊಮ್ಮನಹಳ್ಳಿಗೆ ಮರಳುವಾಗ ನಾನು ನಿಂತೇ ಬರುವವಳು. ನಿಂತವರಿಗೂ ಒಂದು ಅನುಕೂಲವಿದೆ. ಕುಳಿತವರು ಯಾವಾಗ ಏಳುತ್ತಾರೆಂದು ಕಾಯುತ್ತಾ ಮನುಷ್ಯ ಸ್ವಭಾವವನ್ನು ಸಾವಕಾಶವಾಗಿ ಅಭ್ಯಾಸ ಮಾಡಬಹುದು.

ಕಳೆದ ಚಳಿಗಾಲದಲ್ಲಿ ಹಾಗೆ ನಿಂತಿದ್ದಾಗಲೇ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಮುಪ್ಪಿಗೆ ಮದ್ದು ಹುಡುಕುತ್ತಿರುವವರ ಬಗ್ಗೆ ಒಂದು ಲೇಖನ ಓದಿದೆ. ಅವರ ಪ್ರಕಾರ ಮುಪ್ಪು ವಿಧಿಯಲ್ಲ, ಕಾಯಿಲೆ. ಕಾಯಿಲೆಯೆಂದ ಮೇಲೆ ಗುಣವಾಗಲೇಬೇಕು. ನನಗೆ ಸಂತೋಷವೇ ಆಯಿತು. ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ: ನನ್ನ ಬಲಗಣ್ಣಿನ ಕೆಳಗೆ ಒಂದು ಗೆರೆ ಮೂಡಿದೆ. ಅದನ್ನು ಅಳಿಸುವುದಕ್ಕೆಂದು ತರಿಸಿಕೊಂಡ ಪುಟ್ಟ ಸೀಸೆಯೊಂದು ಬೀರುವಿನಲ್ಲಿ ಸ್ವೆಟರಿನ ಹಿಂದೆ ಇದೆ. ಆ ಸೀಸೆಯ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೆರೆಗೂ ಗೊತ್ತಾದಂತಿಲ್ಲ.

ಆದರೆ ನಿಂತವಳ ತಲೆ ನಿಂತವಳ ಹಾಗೆಯೇ ಓಡುತ್ತದೆ. ಯಾರಿಗೂ ವಯಸ್ಸಾಗದಿದ್ದರೆ ಯಾರೂ ಏಳುವುದಿಲ್ಲವಲ್ಲ? ನಮ್ಮ ಊರಿನ ಸಂಘಗಳ ಅಧ್ಯಕ್ಷರು ಈಗಲೇ ಕುರ್ಚಿ ಬಿಡುವುದಿಲ್ಲ. ಇನ್ನು ಮಂಡಿನೋವೂ ಇಲ್ಲದಂತಾದರೆ ಮುಗಿದೇ ಹೋಯಿತು. ಮದುವೆಯ ಮನೆಯಲ್ಲಿ ಮದುಮಗಳೂ ಅವಳ ಮುತ್ತಜ್ಜಿಯೂ ಒಂದೇ ವಾರಿಗೆಯವರಂತೆ ಕಾಣುತ್ತಾರೆ. ಯಾರು ಯಾರ ಕಾಲಿಗೆ ಬೀಳಬೇಕೆಂದು ತಿಳಿಯಲು ಎಲ್ಲರೂ ಆಧಾರ್ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬರಬೇಕು. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಮನೆತನದ ರೂಢಿ. ಅಜ್ಜ ಗಟ್ಟಿಮುಟ್ಟಾಗಿ ಕಟ್ಟೆಯ ಮೇಲೆ ಕುಳಿತಿದ್ದರೆ ಹೆಸರು ಖಾಲಿಯಾಗುವುದಾದರೂ ಹೇಗೆ? ಮೊಮ್ಮಗ ಹೆಸರಿಲ್ಲದೆಯೇ ಶಾಲೆಗೆ ಹೋಗಬೇಕಾದೀತು. ಇಂಥ ಘನವಾದ ಆಲೋಚನೆಗಳಲ್ಲಿ ನನ್ನ ಊರು ಬಂದದ್ದೇ ತಿಳಿಯಲಿಲ್ಲ.

ಮನೆಯಲ್ಲಿ ಆ ಸಂಜೆ ಪಡಸಾಲೆಯ ತುಂಬ ಹಣ್ಣು ಮೆಣಸಿನಕಾಯಿ ಹರಡಿತ್ತು. ವರ್ಷಕ್ಕೊಮ್ಮೆ ಕೆಂಪು ಹಿಂಡಿ ಮಾಡುವ ಕಾಲ. ಕೆಂಪಗೆ ಹಣ್ಣಾದ ಹಸಿ ಮೆಣಸಿನಕಾಯಿಯನ್ನು ತೊಳೆದು, ಒರೆಸಿ, ತೊಟ್ಟು ಬಿಡಿಸಿ, ತರಿತರಿಯಾಗಿ ರುಬ್ಬಿ, ಉಪ್ಪು ಬೆರೆಸಿ ಇಡುತ್ತೇವೆ. ಮೂರನೆಯ ದಿನ ಬೆಳ್ಳುಳ್ಳಿ, ಮೆಂತ್ಯದ ಪುಡಿ, ನಿಂಬೆರಸ ಸೇರಿ ಭರಣಿಗೆ ಹೋಗುತ್ತದೆ. ರೊಟ್ಟಿಯ ಅಂಚಿಗೆ ಅದಿಲ್ಲದಿದ್ದರೆ ನಮ್ಮ ಮನೆಯಲ್ಲಿ ಊಟ ಆಯಿತೆಂದು ಲೆಕ್ಕವಿಲ್ಲ.

ತೊಟ್ಟನ್ನು ಯಾರು ಬೇಕಾದರೂ ಬಿಡಿಸಬಹುದು. ಉಪ್ಪು ಮಾತ್ರ ಮನೆಯ ಹಿರಿಯ ಹೆಂಗಸಿನ ಕೈಯದು. ಚಮಚೆ, ಲೋಟ ಯಾವುದೂ ಇಲ್ಲ. ಸ್ನಾನ ಮಾಡಿ ಬಂದು, ಮಾತಾಡದೆ, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಹಾಕಬೇಕು. ಎಷ್ಟು ಹಾಕಿದೆ ಎಂದು ಆಕೆ ಹೇಳಬಾರದು, ಉಳಿದವರು ಕೇಳಬಾರದು. ನನ್ನ ಅಜ್ಜಿಗೆ ಈಗ ಎಂಬತ್ತು ದಾಟಿದೆ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಉಪ್ಪು ಹಾಕುತ್ತಿರುವವಳು ಅಜ್ಜಿ, ತೊಟ್ಟು ಬಿಡಿಸುತ್ತಿರುವವಳು ಅವ್ವ.

ಅವ್ವ ಸಾಮಾನ್ಯಳಲ್ಲ. ಮುಖ್ಯೋಪಾಧ್ಯಾಯಿನಿಯಾಗಿ ಅರವತ್ತು ತುಂಬಿ, ಹಿಂದಿನ ವರ್ಷವಷ್ಟೇ ನಿವೃತ್ತಳಾದಳು. ಇಡೀ ಶಾಲೆಯ ಬಿಸಿಯೂಟದ ಸಾರಿಗೆ ಎಷ್ಟು ಉಪ್ಪು ಬೇಕೆಂದು ಅಡುಗೆಯವರು ಅವಳನ್ನೇ ಕೇಳುತ್ತಿದ್ದರು. ಸರಕಾರ ಅವಳಿಗೆ ವಯಸ್ಸಾಯಿತೆಂದು ಶಾಲು ಹೊದಿಸಿ ಮನೆಗೆ ಕಳಿಸಿತು. ಮನೆಯಲ್ಲಿ ನೋಡಿದರೆ ಅವಳಿಗೆ ಇನ್ನೂ ವಯಸ್ಸೇ ಆಗಿರಲಿಲ್ಲ. ಗಿರಿಜಾ ಮೇಡಂ ಬಾಗಿಲೊಳಗೆ ಕಾಲಿಟ್ಟರೆ ಬರೀ ಗಿರಿಜಿ. ಈ ಉಪ್ಪಿನ ಮೇಲೆ ಅವಳಿಗೆ ಆಸೆಯಿದೆಯೆಂದು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಅಜ್ಜಿ ಡಬ್ಬಿಗೆ ಕೈ ಹಾಕುವಾಗ ಅವ್ವನ ಬೆರಳುಗಳು ಪ್ರತಿ ವರ್ಷ ತೊಟ್ಟಿನ ಮೇಲೆ ನಿಂತುಬಿಡುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

ನಾನೂ ಕೈಕಾಲು ತೊಳೆದು ಬಂದು ತೊಟ್ಟು ಬಿಡಿಸಲು ಕುಳಿತೆ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

“ಅಜ್ಜಿ, ಮುಂದ ಯಾರಿಗೂ ಮುಪ್ಪು ಬರಂಗಿಲ್ಲಂತ. ಔಷಧ ಹುಡುಕಾಕತ್ಯಾರ.”

“ಹುಡುಕಾಕತ್ಯಾರೋ, ಸಿಕ್ಕೈತೋ?”

“ಇನ್ನೂ ಹುಡುಕಾಕತ್ಯಾರ.”

“ಮದಲ ಮೊಣಕಾಲಿಗೆ ಹುಡುಕ್ರಿ ಅಂತ ಹೇಳವರಿಗೆ. ಉಳಿದದ್ದು ಆಮ್ಯಾಲ.” ಇನ್ನೆರಡು ತೊಟ್ಟು ಬಿಡಿಸಿ ಅಜ್ಜಿಯೇ ಕೇಳಿದಳು: “ಸಿಕ್ರ ಎಲ್ಲಾರಿಗೂ ಕೊಡ್ತಾರೇನು?”

“ಮದಲ ರೊಕ್ಕ ಇದ್ದೋರಿಗೆ ಸಿಗಬೌದು.”

“ಹಂಗಾದ್ರ ಇದ್ದೋರು ಸಾಯಂಗಿಲ್ಲ. ಇಲ್ಲದೋರು ಅವರ ಮನಿ ಕಸ ಹೊಡಕೋತ ಸಾಯಬೇಕು. ಚಲೋ ಐತಿ ಬಿಡು ನಿಮ್ಮ ಔಷಧ.”

ಇದೇ ಮಾತನ್ನು ವಿಶ್ವವಿದ್ಯಾಲಯದಲ್ಲಿ ಹೇಳಬೇಕಾದರೆ ಒಂದು ವಿಚಾರ ಸಂಕಿರಣ, ನಡುವೆ ಊಟ, ಕೊನೆಗೊಂದು ಗುಂಪು ಫೋಟೊ ಬೇಕಾಗುತ್ತಿತ್ತು.

“ನಿನಗ ಸಿಕ್ರ ತಗೋತಿ?” ಎಂದೆ.

“ಯಾಕ ತಗೋಬಾರ್ದು? ತಗೋತೀನಿ. ನಾನೇನು ಯಾರಿಗಿ ಭಾರ ಆಗೀನಿ?”

ತೊಟ್ಟು ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. “ತಗೊಳ್ರಿ ಅತ್ತಿ. ಇನ್ನ ಇನ್ನೂರು ವರ್ಷ ಇರ್ರಿ. ಹಿಂಡಿಗೆ ಉಪ್ಪು ಹಾಕೋರು ಬೇಕಲ್ರಿ ಮನಿಯಾಗ.”

ಅದನ್ನು ಅವಳು ನಗುತ್ತಲೇ ಹೇಳಿದಳು. ಮೂವತ್ತು ಚಿಲ್ಲರೆ ವರ್ಷ ಬಾಯಿಗೆ ಬಾರದ ಮಾತು ಅದು. ನಗುವಿನ ಸೆರಗಿನಡಿ ಅಡಗಿ ಹೊರಗೆ ಬಂದಿತ್ತು. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಅತ್ತಿತ್ತ ಹೊರಳಿಸಿದಳು.

“ಈ ಔಷಧ ಮದ್ಲ ಬಂದಿದ್ರ ನಮ್ಮತ್ತಿನೂ ಇರ್ತಿದ್ಲಲ್ಲ,” ಎಂದಳು ನಿಧಾನವಾಗಿ. “ಆಕಿ ಇಲ್ಲೇ ಕುಂದರ್ತಿದ್ಲು, ಉಪ್ಪಿನ ಡಬ್ಬಿ ತೊಡಿ ಮ್ಯಾಲ ಇಟ್ಗೊಂಡು. ನಾನು ತೊಟ್ಟು ಬಿಡಿಸ್ಕೋತ ಕುಂದರ್ತಿದ್ದೆ.”

“ನಾನು?” ಎಂದಳು ಅವ್ವ.

“ನೀನು ನೀರು ಹೊರ್ತಿದ್ದಿ.”

ಮೂವರೂ ನಕ್ಕೆವು. ಅಜ್ಜಿಯ ನಗು ಮಾತ್ರ ಬೇಗ ಮುಗಿಯಿತು.

ಇಲ್ಲಿ ನಾನು ಕಲಿಸುವ ವಿಷಯದ ಒಂದು ಮಾತು ಹೇಳಲೇಬೇಕು. ಪಾಠ ಮಾಡುವವರ ಚಾಳಿ, ಸಹಿಸಿಕೊಳ್ಳಿ. ಎಲೆಯನ್ನು ಗಾಳಿ ಉದುರಿಸುತ್ತದೆಂದು ನಾವು ತಿಳಿದಿದ್ದೇವೆ. ಗಾಳಿ ಬರುವುದು ಕೊನೆಗೆ. ಅದಕ್ಕೆ ಮೊದಲೇ ತೊಟ್ಟಿನ ಬುಡದಲ್ಲಿ ತೆಳ್ಳಗಿನ ಪದರವೊಂದು ಬೆಳೆದಿರುತ್ತದೆ. ಎಲೆ ತನ್ನಲ್ಲಿರುವ ಸತ್ವದಲ್ಲಿ ಆದಷ್ಟನ್ನು ಮರಕ್ಕೆ ತಿರುಗಿಸಿ ಕೊಟ್ಟಿರುತ್ತದೆ. ಈ ಏರ್ಪಾಡೆಲ್ಲ ನಡೆಯುವುದು ಕೊಂಬೆಗೆ ಜೀವವಿದ್ದಾಗ ಮಾತ್ರ. ಹಸಿರಿರುವಾಗಲೇ ಮುರಿದು ಒಣಗಿದ ಕೊಂಬೆಯನ್ನು ನೋಡಿ, ಅದರ ಎಲೆಗಳು ಸುಲಭಕ್ಕೆ ಉದುರುವುದಿಲ್ಲ. ತರಗಾಗಿಯೂ ಅಂಟಿಕೊಂಡೇ ಇರುತ್ತವೆ. ಬಿಟ್ಟುಕೊಡುವುದಕ್ಕೂ ಜೀವ ಬೇಕು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಕ್ಕಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದಾರೆ. ನಮ್ಮ ಪಡಸಾಲೆಯಲ್ಲಿ ಇದು ನಡೆದೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ಊಟ ಮುಗಿಸಿ ಮಲಗಲು ಹೊರಟ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದಳು: “ಗಿರಿಜಿ, ನಾಳಿಗೆ ಉಪ್ಪು ನೀ ಹಾಕು.”

ಅವ್ವ ಗಾಬರಿಯಾದಳು. “ನಾನ್ಯಾಕ್ರಿ ಅತ್ತಿ? ನಗಚಾಟಿಗೆ ಅಂದೆ. ನೀವು ಅದೀರಲ್ರಿ.”

“ಅದೀನಿ ಅಂತನ ಹೇಳಾಕತ್ತೀನಿ. ಇಲ್ಲದಾಗ ಹಾಕಿದ್ರ ನಾ ಹೆಂಗ ನೋಡ್ಲಿ?”

ಮರುದಿನ ಅವ್ವ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹೊಸದಾಗಿ ಕೆಲಸಕ್ಕೆ ಹಾಜರಾಗುವವಳಂತೆ ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಅಜ್ಜಿ ಒಳಗೆ ಪೂಜೆಗೆ ಕುಳಿತಿದ್ದಳು. ಅವ್ವ ರುಬ್ಬಿದ ಹಿಂಡಿಯ ಬೋಗುಣಿಯ ಮುಂದೆ ಕುಳಿತು, ಡಬ್ಬಿ ತೆರೆದು, ಮುಷ್ಟಿ ಹಿಡಿದು, ಒಮ್ಮೆ ಸಡಿಲಿಸಿ, ಮತ್ತೆ ಹಿಡಿದು, ಉಪ್ಪು ಹಾಕಿದಳು. ನನ್ನ ಕಡೆ ನೋಡಿದಳು. ಕೇಳುವಂತಿಲ್ಲ, ಹೇಳುವಂತಿಲ್ಲ. ನಾನು ಬಸ್ಸಿಗೆ ಹೊರಟೆ.

ಮೂರನೆಯ ದಿನ ಬೋಗುಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ರುಚಿ ನೋಡುವ ಹೊತ್ತು ಬಂತು. ಅವ್ವ ಬೆರಳ ತುದಿಯಲ್ಲಿ ಹಿಂಡಿ ತೆಗೆದು ನಾಲಿಗೆಗೆ ಇಟ್ಟಳು. ಅವಳ ಮುಖ ಸಣ್ಣದಾಯಿತು. ನಾನೂ ನೋಡಿದೆ. ಖಾರ ಎಲ್ಲಿದೆಯೆಂದು ಹುಡುಕಬೇಕಾಗಿತ್ತು, ಅಷ್ಟು ಉಪ್ಪು. ಇನ್ನೂರು ಮಕ್ಕಳ ಸಾರಿಗೆ ಹದ ಹೇಳಿದವಳು ಮನೆಯ ಬೋಗುಣಿಯೊಂದರ ಮುಂದೆ ತಪ್ಪು ಮಾಡಿದ ಹುಡುಗಿಯಂತೆ ನಿಂತಿದ್ದಳು. “ಕೈ ತಪ್ಪೇತ್ರಿ ಅತ್ತಿ,” ಎಂದಳು. “ಮುಂದಿನ ವರ್ಷ ನೀವ ಹಾಕ್ರಿ. ನನಗ ಬರಂಗಿಲ್ಲ.”

ಅಜ್ಜಿಯೂ ಬೆರಳು ಅದ್ದಿ ಚೀಪಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತಳು. ಆ ಹೊತ್ತಿನಲ್ಲಿ ಅವಳು ಸುಮ್ಮನಿದ್ದಿದ್ದರೂ ಸಾಕಿತ್ತು. ಉಪ್ಪಿನ ಡಬ್ಬಿ ತಾನಾಗಿ ಅವಳ ತೊಡೆಗೆ ವಾಪಸು ಬರುತ್ತಿತ್ತು, ಯಾವ ಔಷಧವೂ ಬೇಡದೆ, ಅವಳಿರುವವರೆಗೂ.

“ನಿನ್ನ ಕೈ ತಪ್ಪಿಲ್ಲ,” ಎಂದಳು ಅಜ್ಜಿ. “ನಂದೂ ಬಿದ್ದೈತಿ.”

“ಏನಂದ್ರಿ?”

“ಪೂಜಿ ಮುಗಿಸಿ ಬಂದೆ. ಬೋಗುಣಿ ಇತ್ತು, ಡಬ್ಬಿ ಇತ್ತು. ಕೈ ಹೋತು. ನಿನಗ ಕೊಟ್ಟೀನಿ ಅಂಬೋದು ಈಗ ನೆಪ್ಪಾತು ನೋಡು.”

ಅಜ್ಜಿ ಪಾಳಿಯನ್ನು ಮನಸಾರೆ ಬಿಟ್ಟುಕೊಟ್ಟಿದ್ದಳು. ಅವಳ ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಉಪ್ಪಿನ ಬಗ್ಗೆ ಮಾತಾಡಬಾರದೆಂಬ ನಮ್ಮ ನಿಯಮವೂ ಅದಕ್ಕೆ ಒತ್ತಾಸೆಯಾಗಿತ್ತು. ಒಬ್ಬಳು ಹಾಕಿದೆ ಎನ್ನಲಿಲ್ಲ, ಇನ್ನೊಬ್ಬಳು ಹಾಕಿದೆಯಾ ಎನ್ನಲಿಲ್ಲ. ಮುಪ್ಪಿಲ್ಲದ ಲೋಕದಲ್ಲಿ ಏನೇನಾದೀತೆಂದು ಲೇಖನ ಬರೆದವರು ಬಹಳ ದೊಡ್ಡ ದೊಡ್ಡದನ್ನು ಊಹಿಸಿದ್ದರು. ಇಷ್ಟನ್ನು ಊಹಿಸಿರಲಿಲ್ಲ: ತಲೆಮಾರುಗಳೆಲ್ಲ ಒಟ್ಟಿಗೆ ಉಳಿದು, ಎಲ್ಲರ ಕೈಯೂ ಗಟ್ಟಿಯಿದ್ದು, ಎಲ್ಲರೂ ಒಂದೇ ಬೋಗುಣಿಗೆ ಉಪ್ಪು ಹಾಕುವುದು.

ಅವ್ವ ಮೊದಲು ಅತ್ತೆಯನ್ನು ನೋಡಿದಳು, ಆಮೇಲೆ ಬೋಗುಣಿಯನ್ನು. ಆಮೇಲೆ ನಗಲು ಶುರು ಮಾಡಿದವಳು ಗೋಡೆ ಹಿಡಿದುಕೊಂಡು ನಿಂತಳು. “ನೀವು ಇನ್ನೂರು ವರ್ಷ ಇದ್ರ ಹಿಂಡಿ ಹೋಗ್ಲಿ, ತುಂಗಭದ್ರಿ ನೀರೂ ಉಪ್ಪು ಮಾಡ್ತೀರಿ ಬಿಡ್ರಿ,” ಎಂದಳು.

“ನಗಬ್ಯಾಡ. ಸಂತ್ಯಾಗ ಇನ್ನಟು ಕಾಯಿ ತರ್ಸು ಹೋಗು,” ಎಂದಳು ಅಜ್ಜಿ.

ಮತ್ತೆ ಮೆಣಸಿನಕಾಯಿ ಬಂತು. ಈ ಸಲ ತೊಟ್ಟು ಬಿಡಿಸಲು ಅಜ್ಜಿಯೂ ನಾನೂ ಕುಳಿತೆವು. ಉಪ್ಪಿಲ್ಲದೆ ರುಬ್ಬಿ ಹಳೆಯದಕ್ಕೆ ಬೆರೆಸಿದ್ದಾಯಿತು. ಒಂದು ಭರಣಿಗೆ ಆಗುವುದು ಎರಡಕ್ಕಾಯಿತು. ಔಷಧ ಬಂದರೆ ಬೇಡವೆನ್ನುವಷ್ಟು ವೈರಾಗ್ಯ ನನಗಿಲ್ಲ. ಅಜ್ಜಿಯ ಮಂಡಿ ನೋಯದೆ ಅವಳು ಇನ್ನೂ ಬಹಳ ವರ್ಷ ಇಲ್ಲೇ ಕುಳಿತಿರಲಿ ಎಂದೇ ನನ್ನ ಆಸೆ. ಎಲ್ಲಿ ಕುಳಿತಿರಬೇಕೆಂಬುದನ್ನು ಅವಳೇ ನೋಡಿಕೊಂಡಿದ್ದಾಳೆ.

ಕೊನೆಯ ಸಲ ಅವ್ವ ಬೆರಳ ತುದಿಯಲ್ಲಿ ರುಚಿ ನೋಡಿದಳು. ಅಜ್ಜಿ ಮುಂದಕ್ಕೆ ಬಾಗಿ, ಸೊಸೆಯ ಮುಖವನ್ನೇ ನೋಡುತ್ತ ಕೇಳಿದಳು: “ಹೆಂಗೈತಿ?”

ಅವ್ವ ಅವಸರ ಮಾಡಲಿಲ್ಲ. ನಾಲಿಗೆಯಲ್ಲಿ ಅದನ್ನು ಆ ಕಡೆ ಈ ಕಡೆ ಹೊರಳಿಸಿ, ಸೂರು ನೋಡಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತ ಹೇಳಿದಳು: “ಇನ್ನೆರಡು ದಿನ ಕುಂದರ್ಲಿ ಅತ್ತಿ. ಆಮ್ಯಾಲ ಹೇಳ್ತೀನಿ.”

“ಆತು,” ಎಂದಳು ಅಜ್ಜಿ, ಕಾಲು ನೀಡಿ ಗೋಡೆಗೆ ಒರಗುತ್ತ. “ಕಾಯ್ತೀನಿ ತಗೋ.”